ತೆರೆದ ಬಾಗಿಲ ಮನೆಗೆ ಕಾವಲು

ವಿದ್ಯೆ ಎಂಬುದು ಕಳ್ಳರ ಭಯವಿಲ್ಲದ ಸಂಪತ್ತು ಎಂದು ನಮ್ಮಲ್ಲಿ ಮಕ್ಕಳಿಗೆ ಹೇಳಿಕೊಡುವುದುಂಟು. ಒಬ್ಬರು ಬಲ್ಲದ್ದನ್ನು ಇನ್ನೊಬ್ಬರು ಕಲಿತರೆ ಮೊದಲಿನವರ ಗಂಟೇನೂ ಕರಗುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಈ ಮಾತು ಕಠಿಣ ಪರೀಕ್ಷೆಗೆ ಒಳಗಾಯಿತು. ಯುದ್ಧದ ಸೋಲು ಗೆಲುವುಗಳು ವಿಜ್ಞಾನಿಯ ಮೇಜಿನ ಮೇಲಿನ ಲೆಕ್ಕದ ಹಾಳೆಯನ್ನು ಅವಲಂಬಿಸತೊಡಗಿದಾಗ ಆ ಹಾಳೆಗೂ ಕಳ್ಳರು ಹುಟ್ಟಿಕೊಂಡರು.

ಕಾರ್ಖಾನೆಗೆ ಗೇಟು ಉಂಟು, ಸೇನೆಯ ಪ್ರಯೋಗಾಲಯಕ್ಕೆ ಬಂದೂಕುಧಾರಿ ಪಹರೆ ಉಂಟು. ವಿಶ್ವವಿದ್ಯಾಲಯದ ಸ್ವಭಾವವೇ ಬೇರೆ. ಅಲ್ಲಿಗೆ ಹೊರನಾಡಿನ ವಿದ್ಯಾರ್ಥಿಗಳು ಬರಬೇಕು, ಪರಸ್ಪರ ಪ್ರಶ್ನೆ ಕೇಳಬೇಕು, ಕಂಡುಕೊಂಡದ್ದನ್ನು ಎಲ್ಲರೂ ಓದುವಂತೆ ಪ್ರಕಟಿಸಬೇಕು. ಬಾಗಿಲು ತೆರೆದಿರುವುದರಿಂದಲೇ ಬೆಳೆಯುವ ಇಂಥ ಮನೆಯನ್ನು ಪರದೇಶದ ಬೇಹುಗಾರರಿಂದ ಕಾಯುವುದು ಹೇಗೆ? ಬ್ರಿಟನ್ ಮತ್ತು ಅಮೆರಿಕ ಎಂಬತ್ತು ವರ್ಷಗಳಿಗೂ ಮಿಕ್ಕಿ ಈ ಪ್ರಶ್ನೆಯೊಡನೆ ಏಗುತ್ತಿವೆ. ಅವುಗಳ ಅನುಭವದಲ್ಲಿ ಎಲ್ಲ ದೇಶಗಳಿಗೂ ಪಾಠವಿದೆ.

ಬರ್ಮಿಂಗ್‌ಹ್ಯಾಮ್‌ನ ಎರಡು ಗುಟ್ಟುಗಳು

1940ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದಲ್ಲಿ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ ಎಂಬಿಬ್ಬರು ತಾಮ್ರದ ತುಂಡೊಂದರಲ್ಲಿ ರಂಧ್ರಗಳನ್ನು ಕೊರೆದು ಒಂದು ಸಾಧನವನ್ನು ಸಿದ್ಧಪಡಿಸಿದರು. ಕೈಯಲ್ಲಿ ಹಿಡಿಯಬಹುದಾದ ಈ ಕ್ಯಾವಿಟಿ ಮ್ಯಾಗ್ನೆಟ್ರಾನ್, ಸುಮಾರು 10 ಸೆಂಟಿಮೀಟರ್ ಉದ್ದದ ರೇಡಿಯೋ ತರಂಗಗಳನ್ನು ಅದುವರೆಗೆ ಸಾಧ್ಯವಾಗದಿದ್ದ ಶಕ್ತಿಯಲ್ಲಿ ಹೊಮ್ಮಿಸಿತು. ಅದರಿಂದ ವಿಮಾನದೊಳಗೇ ಕೂರಿಸಬಹುದಾದ ಚಿಕ್ಕ ರೇಡಾರ್ ಸಾಧ್ಯವಾಯಿತು. ಸಹಜವಾಗಿಯೇ ಅದು ಪರಮ ರಹಸ್ಯವೆನಿಸಿತು. ಶತ್ರುದೇಶದಲ್ಲಿ ಹುಟ್ಟಿದವರು ಈ ಕೆಲಸದ ಹತ್ತಿರ ಸುಳಿಯುವಂತಿರಲಿಲ್ಲ.

ಅದೇ ವಿಭಾಗದಲ್ಲಿ ಅಂಥವರು ಇಬ್ಬರಿದ್ದರು. ಬರ್ಲಿನ್‌ನಲ್ಲಿ ಹುಟ್ಟಿದ ರುಡಾಲ್ಫ್ ಪೈಯರ್ಲ್ಸ್ ಮತ್ತು ವಿಯೆನ್ನಾದ ಓಟೊ ಫ್ರಿಷ್. ಇಬ್ಬರೂ ಯಹೂದಿ ಮನೆತನದವರು. ಹಿಟ್ಲರನ ಕಾರಣಕ್ಕೆ ಹುಟ್ಟಿದ ನೆಲಕ್ಕೆ ಮರಳುವಂತಿರಲಿಲ್ಲ. ರೇಡಾರ್ ಕೆಲಸದಿಂದ ಹೊರಗುಳಿದ ಅವರಿಗೆ ಬೇರೆ ವಿಷಯ ಯೋಚಿಸಲು ಬಿಡುವಿತ್ತು. ಬಾಂಬಿಗೆ ಟನ್ನುಗಟ್ಟಲೆ ಯುರೇನಿಯಂ ಬೇಕು, ಆದ್ದರಿಂದ ಅದು ಆಗದ ಮಾತು ಎಂದು ಬಹುತೇಕ ವಿಜ್ಞಾನಿಗಳು ನಂಬಿದ್ದ ಕಾಲ ಅದು. ಯುರೇನಿಯಂ 235 ಎಂಬ ಹಗುರ ಬಗೆಯನ್ನಷ್ಟೇ ಬೇರ್ಪಡಿಸಿದರೆ ಕಿಲೋಗ್ರಾಂಗಳ ಲೆಕ್ಕದಲ್ಲಿ ಸಾಕು ಎಂದು ಇವರಿಬ್ಬರೂ 1940ರ ಮಾರ್ಚಿನಲ್ಲಿ ಕೆಲವೇ ಪುಟಗಳ ಟಿಪ್ಪಣಿಯಲ್ಲಿ ತೋರಿಸಿದರು. ಅಂಕಿಗಳನ್ನು ಮುಂದೆ ತಿದ್ದಬೇಕಾಯಿತಾದರೂ ತರ್ಕ ಸರಿಯಿತ್ತು. ಗುಟ್ಟು ಹೊರಬೀಳಬಾರದೆಂದು ಪೈಯರ್ಲ್ಸ್ ಅದನ್ನು ತಾವೇ ಟೈಪು ಮಾಡಿದರು. ಬ್ರಿಟನ್ನಿನ ಅಣುಬಾಂಬು ಯೋಜನೆಗೆ ಬುನಾದಿಯಾದದ್ದು ಆ ಟಿಪ್ಪಣಿ.

ನಂಬಿಕೆಗೆ ಅರ್ಹರಲ್ಲವೆಂದು ಚಿಕ್ಕ ಗುಟ್ಟಿನಿಂದ ಹೊರಗಿಟ್ಟವರೇ ದೇಶಕ್ಕೆ ದೊಡ್ಡ ಗುಟ್ಟನ್ನು ತಂದುಕೊಟ್ಟರು. ಇತ್ತ ಮ್ಯಾಗ್ನೆಟ್ರಾನ್ ಕಥೆಯೂ ವಿಚಿತ್ರ ತಿರುವು ಪಡೆಯಿತು. ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಶಕ್ತಿ ಯುದ್ಧದಿಂದ ಬಳಲಿದ್ದ ಬ್ರಿಟನ್ನಿಗೆ ಇರಲಿಲ್ಲ. ಹಾಗಾಗಿ 1940ರ ಸೆಪ್ಟೆಂಬರಿನಲ್ಲಿ ಹೆನ್ರಿ ಟಿಝಾರ್ಡ್ ಅವರ ನೇತೃತ್ವದ ನಿಯೋಗ ಆ ಸಾಧನವನ್ನು ಅಮೆರಿಕದ ಕೈಗಿತ್ತಿತು. ಅದರ ಅಭಿವೃದ್ಧಿಗಾಗಿ ಎಂ.ಐ.ಟಿ.ಯಲ್ಲಿ ತೆರೆದ ಪ್ರಯೋಗಾಲಯದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 4,000 ಜನ ದುಡಿಯುತ್ತಿದ್ದರು. ಗುಟ್ಟನ್ನು ಯಾರಿಂದ ಮುಚ್ಚಿಡಬೇಕು ಎಂಬಷ್ಟೇ ಯಾರೊಡನೆ ಹಂಚಿಕೊಳ್ಳಬೇಕು ಎಂಬುದೂ ಕಾವಲಿನ ಭಾಗವೇ ಆಗಿತ್ತು.

ಮೌನವೂ ಮಾತನಾಡಿತು

ವಿಜ್ಞಾನಿಗಳು ಆಗ ಇನ್ನೊಂದು ಉಪಾಯವನ್ನೂ ಹೂಡಿದ್ದರು. ಅದು ಪ್ರಕಟಿಸದೆ ಸುಮ್ಮನಿರುವ ಉಪಾಯ. 1938ರ ಕೊನೆಯಲ್ಲಿ ಬರ್ಲಿನ್‌ನಲ್ಲಿ ಯುರೇನಿಯಂ ಬೀಜದ ವಿದಳನ ಪತ್ತೆಯಾದೊಡನೆ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಹಂಗೆರಿಯ ಲಿಯೋ ಸಿಲಾರ್ಡ್ ಸಹೋದ್ಯೋಗಿಗಳ ಬೆನ್ನುಹತ್ತಿ, ಈ ವಿಷಯದ ಪ್ರಬಂಧಗಳನ್ನು ತಡೆಹಿಡಿಯಿರಿ ಎಂದು ಕೇಳತೊಡಗಿದರು. ಪ್ಯಾರಿಸ್ಸಿನ ಜೋಲಿಯೊ ಕ್ಯೂರಿ ಒಪ್ಪಲಿಲ್ಲ; 1939ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿಯೇಬಿಟ್ಟರು. ಆದರೆ 1940ರಿಂದಾಚೆಗೆ ಅಮೆರಿಕದ ನಿಯತಕಾಲಿಕಗಳ ಸಂಪಾದಕರು ತಾವಾಗಿಯೇ ಈ ಕಟ್ಟುಪಾಡನ್ನು ಒಪ್ಪಿಕೊಂಡರು.

ಅದರಿಂದ ಫಲ ದೊರೆಯಲಿಲ್ಲವೆನ್ನುವಂತಿಲ್ಲ. ಶುದ್ಧವಾದ ಗ್ರಾಫೈಟ್ ಪರಮಾಣು ಕುಲುಮೆಗೆ ಒದಗುತ್ತದೆ ಎಂಬ ಫೆರ್ಮಿಯವರ ಅಳತೆಗಳು ಪ್ರಕಟವಾಗಲಿಲ್ಲ. ಅತ್ತ ಜರ್ಮನಿಯ ವಿಜ್ಞಾನಿಗಳು ತಮ್ಮ ಅಳತೆಯನ್ನೇ ನೆಚ್ಚಿ, ಗ್ರಾಫೈಟ್ ಪ್ರಯೋಜನಕ್ಕೆ ಬಾರದೆಂದು ಬಗೆದು ದುರ್ಲಭವಾದ ಭಾರಜಲದ ಹಿಂದೆ ಹೋದರು.

ಆದರೆ ಮೌನಕ್ಕೆ ಇನ್ನೊಂದು ಮುಖವಿತ್ತು. ರಷ್ಯಾದ ಯುವ ವಿಜ್ಞಾನಿ ಗಿಯೋರ್ಗಿ ಫ್ಲಿಯೊರೊವ್ 1940ರಲ್ಲಿ ಸಹೋದ್ಯೋಗಿಯೊಡನೆ ಯುರೇನಿಯಂ ತಾನಾಗಿಯೇ ಒಡೆಯುವುದನ್ನು ಕಂಡುಹಿಡಿದಿದ್ದ. ಆ ಸುದ್ದಿ ಅಮೆರಿಕದ ಪತ್ರಿಕೆಯಲ್ಲೂ ಬಂದಿತ್ತು. 1942ರ ಹೊತ್ತಿಗೆ ಆತ ವಾಯುಪಡೆಯ ಲೆಫ್ಟಿನೆಂಟ್. ವೊರೊನೆಜ್ ನಗರದಲ್ಲಿ ಬಿಡುವು ಸಿಕ್ಕಾಗ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ತನ್ನ ಸಂಶೋಧನೆಗೆ ಪರದೇಶದವರು ಏನು ಹೇಳಿದ್ದಾರೆಂದು ನಿಯತಕಾಲಿಕಗಳನ್ನು ತಿರುವಿದ. ಅವನ ಸಂಶೋಧನೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಷ್ಟೇ ಅಲ್ಲ, ವಿದಳನದ ಬಗ್ಗೆಯೇ ಬರಹಗಳು ನಿಂತುಹೋಗಿದ್ದವು. ನಿನ್ನೆಯವರೆಗೆ ಬರೆಯುತ್ತಿದ್ದ ದೊಡ್ಡ ಹೆಸರುಗಳೆಲ್ಲ ಏಕಾಏಕಿ ಮೂಕವಾದದ್ದೇಕೆ? ಅಮೆರಿಕ ಬಾಂಬು ಕಟ್ಟುತ್ತಿದೆ ಎಂದು ಫ್ಲಿಯೊರೊವ್ ಊಹಿಸಿದ. ಏಪ್ರಿಲ್‌ನಲ್ಲಿ ನೇರವಾಗಿ ಸ್ಟಾಲಿನ್‌ಗೆ ಪತ್ರ ಬರೆದ. ಎಲ್ಲ ಕಿಟಕಿಗಳನ್ನೂ ಒಮ್ಮೆಗೇ ಮುಚ್ಚಿದ ಮನೆ ದಾರಿಹೋಕನ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಬೇಲಿಯೇ ಹೊಲ ಮೇಯ್ದಾಗ

ರಷ್ಯಾಕ್ಕೆ ಊಹೆಗಿಂತ ಗಟ್ಟಿಯಾದ ಸುದ್ದಿ ಅದಾಗಲೇ ಬರತೊಡಗಿತ್ತು. ಅದನ್ನು ಕಳಿಸುತ್ತಿದ್ದವನು ಕ್ಲಾಸ್ ಫುಕ್ಸ್. ಜರ್ಮನಿಯ ಪಾದ್ರಿಯೊಬ್ಬರ ಮಗ, ನಾಜಿಗಳ ಕಡು ವಿರೋಧಿ, ಕಮ್ಯುನಿಸ್ಟ್ ಪಕ್ಷದ ಸದಸ್ಯ. 1933ರಲ್ಲಿ ಇಂಗ್ಲೆಂಡಿಗೆ ಓಡಿಬಂದು ಬ್ರಿಸ್ಟಲ್‌ನಲ್ಲಿ ಡಾಕ್ಟರೇಟ್ ಪಡೆದು, ಎಡಿನ್‌ಬರೊದಲ್ಲಿ ಮ್ಯಾಕ್ಸ್ ಬಾರ್ನ್ ಅವರ ಕೈಕೆಳಗೆ ಕೆಲಸ ಮಾಡಿದ.

ಈ ಮ್ಯಾಕ್ಸ್ ಬಾರ್ನ್ ಬೆಂಗಳೂರಿಗೆ ಅಪರಿಚಿತರಲ್ಲ. ಹಿಟ್ಲರನ ಆಳ್ವಿಕೆಯಲ್ಲಿ ಗಟ್ಟಿಂಗೆನ್‌ನ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡ ಅವರನ್ನು ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡಿದ್ದರು. 1935-36ರಲ್ಲಿ ಸುಮಾರು ಆರು ತಿಂಗಳು ಅವರು ಇಲ್ಲಿದ್ದರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕೆಂಬುದು ರಾಮನ್ ಅವರ ಆಸೆ. ಆದರೆ ಸ್ವಂತ ದೇಶದಿಂದ ಹೊರದೂಡಲ್ಪಟ್ಟ ಎರಡನೇ ದರ್ಜೆಯ ಪರಕೀಯ ನಮಗೆ ಬೇಕಿಲ್ಲವೆಂಬ ಅರ್ಥದ ಮಾತನ್ನು ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ತುಂಬಿದ ಸಭೆಯಲ್ಲೇ ಆಡಿದರೆಂದು ಬಾರ್ನ್ ಮುಂದೆ ಬರೆದುಕೊಂಡಿದ್ದಾರೆ. ಬಾರ್ನ್ 1936ರಲ್ಲಿ ಎಡಿನ್‌ಬರೊ ಸೇರಿದರು; 1954ರಲ್ಲಿ ನೊಬೆಲ್ ಪಡೆದರು.

ಅವರ ಶಿಷ್ಯ ಫುಕ್ಸ್‌ನನ್ನು 1941ರಲ್ಲಿ ಪೈಯರ್ಲ್ಸ್ ಬರ್ಮಿಂಗ್‌ಹ್ಯಾಮ್‌ಗೆ ಕರೆಸಿಕೊಂಡರು. ಅದೇ ವರ್ಷವೇ ಆತ ಸೋವಿಯತ್ ಬೇಹುಗಾರರ ಸಂಪರ್ಕ ಬೆಳೆಸಿದ. 1943ರ ಕೊನೆಗೆ ಅಮೆರಿಕಕ್ಕೆ, 1944ರಲ್ಲಿ ಲಾಸ್ ಅಲಮೋಸ್‌ಗೆ ಹೋದ. ಪ್ಲುಟೋನಿಯಂ ಬಾಂಬಿನ ರಚನೆಯ ವಿವರಗಳನ್ನು ಮಧ್ಯವರ್ತಿಯ ಮೂಲಕ ರಷ್ಯಾಕ್ಕೆ ದಾಟಿಸಿದ. 1949ರ ಆಗಸ್ಟ್ 29ರಂದು ರಷ್ಯಾ ಸಿಡಿಸಿದ ಮೊದಲ ಬಾಂಬು ಅಮೆರಿಕದ ಮಾದರಿಯ ನಕಲೇ ಆಗಿತ್ತು. ಯುದ್ಧಾನಂತರ ಯಾವ ಯಾವ ಪರಮಾಣು ವಿಷಯಗಳನ್ನು ಬಹಿರಂಗಪಡಿಸಬಹುದೆಂದು ತೀರ್ಮಾನಿಸಲು ನಡೆದ ಸಮಾಲೋಚನೆಯಲ್ಲಿ ಬ್ರಿಟನ್ನಿನ ಪರವಾಗಿ ಇದೇ ಫುಕ್ಸ್ ಕುಳಿತಿದ್ದ. ಗುಟ್ಟು ಕಾಯುವುದರಲ್ಲಿ ಬಲು ಬಿಗಿಯ ಮನುಷ್ಯನೆಂದು ಹೆಸರಾಗಿದ್ದ!

ಹಾಗಾದರೆ ಪರದೇಶದವರನ್ನು ಅನುಮಾನಿಸಿದ್ದೇ ಸರಿಯಾಗಿತ್ತೇ? ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಫುಕ್ಸ್ ಕಮ್ಯುನಿಸ್ಟನೆಂಬ ಸುಳಿವು ಬ್ರಿಟನ್ನಿನ ಬೇಹುಗಾರಿಕೆ ಇಲಾಖೆಗೆ 1934ರಲ್ಲೇ ತಲುಪಿತ್ತು. ಸುದ್ದಿ ಜರ್ಮನ್ ಕಾನ್ಸುಲ್ ಕಡೆಯಿಂದ ಬಂದದ್ದೆಂದು ಅದನ್ನು ಬದಿಗೆ ಸರಿಸಲಾಯಿತು. ಅಂದರೆ ಅವನ ನಡೆಯ ಬಗ್ಗೆ ಇದ್ದ ಮಾಹಿತಿಯನ್ನು ಯಾರೂ ಪರಿಶೀಲಿಸಲಿಲ್ಲ. ಎರಡನೆಯದಾಗಿ, ಲಾಸ್ ಅಲಮೋಸ್‌ನಿಂದ ಅದೇ ಕಾಲದಲ್ಲಿ ಬಾಂಬಿನ ವಿವರ ದಾಟಿಸಿದ ಇನ್ನೊಬ್ಬ ಥಿಯೊಡೋರ್ ಹಾಲ್. ಆತ ನ್ಯೂಯಾರ್ಕಿನಲ್ಲಿ ಹುಟ್ಟಿದ, ಹಾರ್ವರ್ಡ್‌ನಲ್ಲಿ ಓದಿದ ಹದಿಹರೆಯದ ಅಮೆರಿಕನ್. ಆತನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ಫುಕ್ಸ್ ಸಿಕ್ಕಿಬಿದ್ದದ್ದೂ ವಲಸಿಗರನ್ನೆಲ್ಲ ಜಾಲಾಡಿದ್ದರಿಂದಲ್ಲ. ಸೋವಿಯತ್ ಗೂಢಲಿಪಿಯ ತಂತಿಗಳನ್ನು ವರ್ಷಗಟ್ಟಲೆ ತಾಳ್ಮೆಯಿಂದ ಬಿಡಿಸಿದ್ದರಿಂದ. 1950ರ ಜನವರಿಯಲ್ಲಿ ಆತ ತಪ್ಪೊಪ್ಪಿಕೊಂಡ. ಮಾರ್ಚ್ 1ರಂದು 14 ವರ್ಷಗಳ ಶಿಕ್ಷೆಯಾಯಿತು.

ಪ್ರತಿಭೆಯನ್ನು ಕೈಯಾರೆ ಕಳಿಸಿಕೊಟ್ಟ ಕಥೆ

ಫುಕ್ಸ್ ಪ್ರಕರಣ ಅಮೆರಿಕವನ್ನು ಬೆಚ್ಚಿಬೀಳಿಸಿತು. ಅಲ್ಲಿ ಕಮ್ಯುನಿಸ್ಟರ ಬೇಟೆ ಅದಾಗಲೇ ಕಾವೇರಿತ್ತು. ಅದೇ 1950ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಗೆ ಎಫ್.ಬಿ.ಐ. ಅಧಿಕಾರಿಗಳು ಬಂದು ಪ್ರೊಫೆಸರ್ ಚಿಯನ್ ಶ್ಯೂಸೆನ್ ಅವರನ್ನು ವಿಚಾರಿಸಿದರು.

ಚಿಯನ್ 1935ರಲ್ಲಿ ಚೀನಾದಿಂದ ವಿದ್ಯಾರ್ಥಿವೇತನದ ಮೇಲೆ ಬಂದವರು. ವಾಯುಯಾನ ವಿಜ್ಞಾನದ ಮೇಧಾವಿ ಥಿಯೊಡೋರ್ ಫಾನ್ ಕಾರ್ಮಾನ್ ಅವರ ಮೆಚ್ಚಿನ ಶಿಷ್ಯ. ರಾಕೆಟ್ ಎಂದರೆ ಜನ ನಗುತ್ತಿದ್ದ ಕಾಲದಲ್ಲಿ ಅದನ್ನು ಕೈಗೆತ್ತಿಕೊಂಡ ಕ್ಯಾಲ್‌ಟೆಕ್‌ನ ಪುಟ್ಟ ಗುಂಪಿನಲ್ಲಿ ಒಬ್ಬರು. ಆ ಗುಂಪೇ ಬೆಳೆದು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಾಯಿತು. 1945ರಲ್ಲಿ ಅಮೆರಿಕ ಸರ್ಕಾರ ಅವರಿಗೆ ತಾತ್ಕಾಲಿಕವಾಗಿ ಕರ್ನಲ್ ದರ್ಜೆ ನೀಡಿ, ಸೋತ ಜರ್ಮನಿಯ ರಾಕೆಟ್ ತಜ್ಞರನ್ನು ಪ್ರಶ್ನಿಸಲು ಕಳಿಸಿತ್ತು. ಅಂಥವರ ಮೇಲೆ ಬಂದ ಆರೋಪವೆಂದರೆ 1930ರ ದಶಕದಲ್ಲಿ ಕಮ್ಯುನಿಸ್ಟ್ ಗುಂಪೊಂದರ ಕೂಟಗಳಲ್ಲಿ ಭಾಗವಹಿಸಿದ್ದರು ಎಂಬುದು.

ರಹಸ್ಯ ಕೆಲಸದ ಪರವಾನಗಿ ರದ್ದಾಯಿತು. ಮನನೊಂದ ಚಿಯನ್ ಊರಿಗೆ ಮರಳಲು ಸಿದ್ಧರಾದರು. ಸುಂಕದ ಅಧಿಕಾರಿಗಳು ಅವರ ಪುಸ್ತಕ, ಕಾಗದಗಳ ಪೆಟ್ಟಿಗೆಗಳನ್ನು ಮುಟ್ಟುಗೋಲು ಹಾಕಿಕೊಂಡರು. ಗೂಢಲಿಪಿಯೆಂದು ಶಂಕಿಸಿದ ಹಾಳೆಗಳು ಲಾಗರಿದಂ ಕೋಷ್ಟಕಗಳಾಗಿದ್ದವು. ಸೆಪ್ಟೆಂಬರಿನಲ್ಲಿ ಬಂಧನವಾಗಿ ಸುಮಾರು ಎರಡು ವಾರ ಸೆರೆ. ಆಮೇಲೆ ಐದು ವರ್ಷ ಲಾಸ್ ಏಂಜಲೀಸ್ ಸೀಮೆಯನ್ನು ದಾಟಕೂಡದೆಂಬ ನಿರ್ಬಂಧ. ಅವರಲ್ಲಿದ್ದ ತಿಳಿವಳಿಕೆ ಅಷ್ಟರಲ್ಲಿ ಹಳತಾಗಲಿ ಎಂಬುದು ಲೆಕ್ಕಾಚಾರ. ಬೇಹುಗಾರಿಕೆ ಎಂದೂ ಸಾಬೀತಾಗಲಿಲ್ಲ. 1955ರಲ್ಲಿ, ಚೀನಾದ ಸೆರೆಯಲ್ಲಿದ್ದ ಅಮೆರಿಕದ ವೈಮಾನಿಕರ ಬಿಡುಗಡೆಯ ಮಾತುಕತೆಗಳ ಹಿನ್ನೆಲೆಯಲ್ಲಿ ಅವರನ್ನು ಚೀನಾಕ್ಕೆ ಕಳಿಸಲಾಯಿತು.

ಮುಂದಿನದು ಇತಿಹಾಸ. ಚೀನಾದ ಕ್ಷಿಪಣಿ ಯೋಜನೆಯ ಹೊಣೆ ಚಿಯನ್ ಹೆಗಲಿಗೆ ಬಿತ್ತು. 1960ರಲ್ಲಿ ಮೊದಲ ಕ್ಷಿಪಣಿ ಹಾರಿತು. 1966ರಲ್ಲಿ ಅಣ್ವಸ್ತ್ರ ಹೊತ್ತ ಕ್ಷಿಪಣಿಯ ಪರೀಕ್ಷೆ ನಡೆಯಿತು. 1970ರ ಏಪ್ರಿಲ್ 24ರಂದು ಚೀನಾದ ಮೊದಲ ಉಪಗ್ರಹ ಕಕ್ಷೆ ಸೇರಿತು. ಅಮೆರಿಕದ ನೌಕಾಪಡೆಯ ಇಲಾಖೆಯಲ್ಲಿ ಕಾರ್ಯದರ್ಶಿಯಾಗಿದ್ದ ಡ್ಯಾನ್ ಕಿಂಬಲ್, ಈ ದೇಶ ಮಾಡಿದ ಅತ್ಯಂತ ಮೂರ್ಖ ಕೆಲಸ ಇದೆಂದು ಹಳಹಳಿಸಿದರು. ಯಾವ ಬೇಹುಗಾರನೂ ಕದ್ದೊಯ್ಯಲಾಗದಷ್ಟನ್ನು ಅನುಮಾನವೇ ಹಡಗು ಹತ್ತಿಸಿ ಕಳಿಸಿತ್ತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರೇ ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಚಿಕ್ಕ ಪಾತಿ, ಎತ್ತರದ ಬೇಲಿ

1980ರ ದಶಕದ ಆರಂಭದಲ್ಲಿ ಶೀತಲ ಸಮರ ಮತ್ತೆ ಬಿಸಿಯೇರಿತು. ಅಮೆರಿಕದ ತಂತ್ರಜ್ಞಾನವನ್ನು ರಷ್ಯಾ ವ್ಯವಸ್ಥಿತವಾಗಿ ಕದಿಯುತ್ತಿತ್ತು. ಕೆ.ಜಿ.ಬಿ.ಯ ಅಧಿಕಾರಿ ವ್ಲಾದಿಮಿರ್ ವೆಟ್ರೋವ್ 1981ರಲ್ಲಿ ಫ್ರಾನ್ಸಿಗೆ ಒಪ್ಪಿಸಿದ ಸಾವಿರಾರು ದಾಖಲೆಗಳೇ ಅದಕ್ಕೆ ಸಾಕ್ಷಿ. ಗಾಬರಿಗೊಂಡ ಅಮೆರಿಕದ ರಕ್ಷಣಾ ಇಲಾಖೆ 1982ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯಾಗೊದಲ್ಲಿ ನಡೆಯುತ್ತಿದ್ದ ದೃಗ್ವಿಜ್ಞಾನ ಸಮ್ಮೇಳನದಿಂದ ಸುಮಾರು ನೂರು ಪ್ರಬಂಧಗಳನ್ನು ಕೊನೆಗಳಿಗೆಯಲ್ಲಿ ಹಿಂತೆಗೆಸಿತು.

ಅದೇ ವರ್ಷ ಕಾರ್ನೆಲ್ ವಿಶ್ವವಿದ್ಯಾಲಯದ ಮಾಜಿ ಅಧ್ಯಕ್ಷ ಡೇಲ್ ಕಾರ್ಸನ್ ನೇತೃತ್ವದ ಸಮಿತಿಯೊಂದು ಈ ಸಮಸ್ಯೆಯನ್ನು ಪರಿಶೀಲಿಸಿತು. ಸೋರಿಕೆ ನಡೆಯುತ್ತಿರುವುದು ನಿಜ, ಆದರೆ ಅದರಲ್ಲಿ ವಿಶ್ವವಿದ್ಯಾಲಯಗಳ ಪಾಲು ತೀರ ಅಲ್ಪ ಎಂಬುದು ಅದರ ನಿಲುವು. ದೊಡ್ಡ ಹೊಲಕ್ಕೆಲ್ಲ ಮೊಣಕಾಲೆತ್ತರದ ಬೇಲಿ ಹಾಕುವುದಕ್ಕಿಂತ, ನಿಜವಾಗಿ ಕಾಯಬೇಕಾದ ಚಿಕ್ಕ ಪಾತಿಗೆ ಎತ್ತರದ ಬೇಲಿ ಕಟ್ಟುವುದು ಲೇಸು ಎಂಬ ತತ್ವ ಇಲ್ಲಿಂದ ಬಳಕೆಗೆ ಬಂತು. 1985ರ ಸೆಪ್ಟೆಂಬರ್ 21ರಂದು ಅಧ್ಯಕ್ಷ ರೇಗನ್ ಇದನ್ನು ಆದೇಶವಾಗಿಸಿದರು. ಮೂಲ ಸಂಶೋಧನೆ ಸಾಧ್ಯವಾದಷ್ಟು ಮುಕ್ತವಾಗಿಯೇ ಇರಬೇಕು. ಯಾವುದನ್ನಾದರೂ ಮುಚ್ಚಿಡಲೇಬೇಕಿದ್ದರೆ ಅದನ್ನು ಮೊದಲೇ ಅಧಿಕೃತವಾಗಿ ರಹಸ್ಯವೆಂದು ಘೋಷಿಸಬೇಕು. ನಡುವಿನ ಅಸ್ಪಷ್ಟ ಪ್ರದೇಶದಲ್ಲಿ ವಿಜ್ಞಾನಿಯನ್ನು ತಡಕಾಡಲು ಬಿಡಬಾರದು ಎಂಬುದು ಆ ಆದೇಶದ ತಿರುಳು.

ಒಂದೇ ವಿಶ್ವವಿದ್ಯಾಲಯ, ಎರಡು ಮೊಕದ್ದಮೆ

ತತ್ವ ಎಷ್ಟೇ ಸೊಗಸಾಗಿದ್ದರೂ ಅದನ್ನು ಜಾರಿಗೆ ತರುವವರ ಕೈಯಲ್ಲಿ ಅದರ ಫಲ ಬದಲಾಗುತ್ತದೆ. ಟೆನೆಸಿ ವಿಶ್ವವಿದ್ಯಾಲಯದ ಎರಡು ಪ್ರಕರಣಗಳು ಇದನ್ನು ಚೆನ್ನಾಗಿ ತೋರಿಸುತ್ತವೆ.

ಮೊದಲನೆಯದು ಪ್ರಾಧ್ಯಾಪಕ ಜಾನ್ ರೀಸ್ ರಾತ್ ಅವರದು. ಪ್ಲಾಸ್ಮಾ ಬಳಸಿ ಚಾಲಕರಹಿತ ವಿಮಾನಗಳ ಹಾರಾಟವನ್ನು ನಿಯಂತ್ರಿಸುವ ವಾಯುಪಡೆಯ ಯೋಜನೆಯೊಂದರಲ್ಲಿ ಅವರು ಕೆಲಸ ಮಾಡುತ್ತಿದ್ದರು. ಇದು ಬೇಲಿಯೊಳಗಿನ ಪಾತಿ. ಇಲ್ಲಿಯ ಮಾಹಿತಿಯನ್ನು ಪರವಾನಗಿಯಿಲ್ಲದೆ ಪರದೇಶದವರಿಗೆ ಕೊಡುವಂತಿರಲಿಲ್ಲ. ಆದರೂ ಚೀನಾ ಮತ್ತು ಇರಾನಿನ ಸಂಶೋಧನಾ ವಿದ್ಯಾರ್ಥಿಗಳನ್ನು ಅವರು ಅದರಲ್ಲಿ ತೊಡಗಿಸಿಕೊಂಡರು. 2006ರಲ್ಲಿ ಯೋಜನೆಯ ಕಾಗದಪತ್ರಗಳೊಡನೆ ಚೀನಾ ಪ್ರವಾಸವನ್ನೂ ಮಾಡಿದರು. 2008ರಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು, ಮರುವರ್ಷ ನಾಲ್ಕು ವರ್ಷಗಳ ಸೆರೆವಾಸ ವಿಧಿಸಿತು. ತಪ್ಪು ಮಾಡಿದವರು ಅಮೆರಿಕದ ಹಿರಿಯ ಪ್ರಾಧ್ಯಾಪಕರೇ ಹೊರತು ಆ ವಿದ್ಯಾರ್ಥಿಗಳಲ್ಲ.

ಎರಡನೆಯದು ಅದೇ ವಿಶ್ವವಿದ್ಯಾಲಯದ ಆನ್‌ಮಿಂಗ್ ಹು ಅವರದು. 2018ರ ನವೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಚೀನಾದ ಆರ್ಥಿಕ ಬೇಹುಗಾರಿಕೆಯನ್ನು ಮಟ್ಟಹಾಕಲು ಒಂದು ವಿಶೇಷ ಅಭಿಯಾನ ಆರಂಭಿಸಿತ್ತು. ಅದರ ಅಂಗವಾಗಿ 2020ರ ಫೆಬ್ರುವರಿಯಲ್ಲಿ ಹು ಬಂಧಿತರಾದರು. ವಿಚಾರಣೆಯ ವೇಳೆ ತನಿಖಾಧಿಕಾರಿ ತಾನು ತಪ್ಪು ಮಾಹಿತಿ ಬಳಸಿದ್ದಾಗಿ ಒಪ್ಪಿಕೊಳ್ಳಬೇಕಾಯಿತು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ಅವರನ್ನು ದೋಷಮುಕ್ತಗೊಳಿಸಿದರು. ಹುದ್ದೆಯೂ ಮರಳಿ ಸಿಕ್ಕಿತು.

ಇಂಥ ಹೆಸರುಗಳು ಇನ್ನೂ ಇವೆ. ಟೆಂಪಲ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥ ಶಿಯಾವೊಶಿಂಗ್ ಶಿ ಅವರನ್ನು 2015ರ ಮೇ ತಿಂಗಳಲ್ಲಿ ಬಂಧಿಸಲಾಯಿತು. ಅವರು ಚೀನಾಕ್ಕೆ ಕಳಿಸಿದ ನಕ್ಷೆ ಆರೋಪಪಟ್ಟಿಯಲ್ಲಿ ಹೇಳಿದ ಸಾಧನದ್ದೇ ಅಲ್ಲವೆಂದು ತಜ್ಞರು ವಿವರಿಸಿದ ಮೇಲೆ ಸೆಪ್ಟೆಂಬರಿನಲ್ಲಿ ಮೊಕದ್ದಮೆ ಬಿದ್ದುಹೋಯಿತು. ಎಂ.ಐ.ಟಿ.ಯ ಗಾಂಗ್ ಚೆನ್ 2021ರ ಜನವರಿಯಲ್ಲಿ ಬಂಧಿತರಾದರು; ವರ್ಷದ ಬಳಿಕ ಸರ್ಕಾರವೇ ಆರೋಪಗಳನ್ನು ಹಿಂತೆಗೆದುಕೊಂಡಿತು. 2022ರ ಫೆಬ್ರುವರಿಯಲ್ಲಿ ಆ ಅಭಿಯಾನವೇ ಕೊನೆಗೊಂಡಿತು. ಅಷ್ಟರಲ್ಲಿ ಅಮೆರಿಕದಲ್ಲಿದ್ದ ಚೀನಾ ಮೂಲದ ವಿಜ್ಞಾನಿಗಳ ನಡುವೆ ನಡೆದ ಸಮೀಕ್ಷೆಯೊಂದರಲ್ಲಿ ಶೇಕಡಾ 72ರಷ್ಟು ಮಂದಿ, ಸಂಶೋಧಕರಾಗಿ ತಮಗೆ ಸುರಕ್ಷಿತ ಭಾವನೆ ಇಲ್ಲವೆಂದಿದ್ದರು.

ಭಾರತದ ಓದುಗರಿಗೆ ಇದು ತೀರ ಹೊಸ ಕಥೆಯಲ್ಲ. 1994ರ ಇಸ್ರೊ ಪ್ರಕರಣದಲ್ಲಿ ನಂಬಿ ನಾರಾಯಣನ್ ಸೇರಿ ಆರು ಮಂದಿ ಆರೋಪಿಗಳಾದರು. ಅವರಲ್ಲಿ ಬೆಂಗಳೂರಿನವರೂ ಇದ್ದರು. ಭಾರತ ಆಗ ಇನ್ನೂ ಕರಗತ ಮಾಡಿಕೊಂಡಿರದ ಕ್ರಯೋಜೆನಿಕ್ ತಂತ್ರಜ್ಞಾನವನ್ನು ಮಾರಿದರೆಂಬುದು ದೂರು. ಅದು ಸುಳ್ಳೆಂದು ಸಿ.ಬಿ.ಐ. 1996ರಲ್ಲೇ ಹೇಳಿತು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕಳೆದುಹೋದ ವರ್ಷಗಳನ್ನು ಕೊಡಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ.

ಕಳ್ಳರು ಇಲ್ಲವೆಂದಲ್ಲ

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಕಳ್ಳತನವೇ ನಡೆಯುತ್ತಿಲ್ಲವೆಂದು ತಿಳಿಯಬಾರದು. 2019ರ ಡಿಸೆಂಬರಿನಲ್ಲಿ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ಚೀನಾಕ್ಕೆ ಹೊರಟಿದ್ದ ಕ್ಯಾನ್ಸರ್ ಸಂಶೋಧಕನೊಬ್ಬನ ಸಾಮಾನಿನಲ್ಲಿ, ಕಾಲುಚೀಲದೊಳಗೆ ಬಚ್ಚಿಟ್ಟ 21 ಸೀಸೆ ಜೈವಿಕ ಮಾದರಿಗಳು ಸಿಕ್ಕವು. 2018ರ ಮಾರ್ಚಿನಲ್ಲಿ ಅಮೆರಿಕ ಇರಾನಿನ ಒಂಬತ್ತು ಮಂದಿಯ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಅದರ ಪ್ರಕಾರ, ಅವರು ಪ್ರಾಧ್ಯಾಪಕರಿಗೆ ನಕಲಿ ಇ-ಮೇಲ್ ಕಳಿಸಿ, ಪಾಸ್‌ವರ್ಡ್ ದೋಚಿ ಅಮೆರಿಕದ 144 ಹಾಗೂ ಬೇರೆ 21 ದೇಶಗಳ 176 ವಿಶ್ವವಿದ್ಯಾಲಯಗಳೊಳಗೆ ನುಗ್ಗಿದ್ದರು. 31 ಟೆರಾಬೈಟ್‌ಗೂ ಹೆಚ್ಚು ಮಾಹಿತಿ ಸಾಗಿಸಿದ್ದರು. ಇದಕ್ಕಾಗಿ ಅವರಲ್ಲಿ ಯಾರೂ ಯಾವ ಪ್ರಯೋಗಾಲಯಕ್ಕೂ ಕಾಲಿಡಬೇಕಾಗಿರಲಿಲ್ಲ.

ಹಣದ ಆಮಿಷದ ದಾರಿಯೂ ಇದೆ. ಹಾರ್ವರ್ಡ್‌ನ ರಸಾಯನ ವಿಭಾಗದ ಮುಖ್ಯಸ್ಥ, ಹುಟ್ಟು ಅಮೆರಿಕನ್ನರಾದ ಚಾರ್ಲ್ಸ್ ಲೀಬರ್ ಚೀನಾದ ವೂಹಾನ್‌ನ ತಾಂತ್ರಿಕ ವಿಶ್ವವಿದ್ಯಾಲಯದೊಡನೆ ಒಪ್ಪಂದ ಮಾಡಿಕೊಂಡಿದ್ದರು. ಆ ಒಪ್ಪಂದ ಅವರಿಗೆ ತಿಂಗಳಿಗೆ 50,000 ಡಾಲರ್‌ವರೆಗೂ ಸಂಬಳ ಕೊಡುವಂಥದು. ಅದನ್ನು ಸರ್ಕಾರದಿಂದ ಮುಚ್ಚಿಟ್ಟದ್ದಕ್ಕೆ, ತೆರಿಗೆ ಕಟ್ಟದ್ದಕ್ಕೆ 2021ರ ಡಿಸೆಂಬರಿನಲ್ಲಿ ಅವರು ತಪ್ಪಿತಸ್ಥರೆನಿಸಿದರು. ಗಮನಿಸಬೇಕಾದದ್ದು, ಅವರ ಮೇಲಿದ್ದದ್ದು ಬೇಹುಗಾರಿಕೆಯ ಆರೋಪವಲ್ಲ, ಸುಳ್ಳು ಹೇಳಿದ ಆರೋಪ. 2025ರಲ್ಲಿ ಅವರು ಚೀನಾದ ಶೆನ್‌ಜೆನ್‌ನಲ್ಲೇ ಪ್ರಾಧ್ಯಾಪಕರಾದರು.

ಕಳ್ಳನೇ ಇಲ್ಲದೆ ಆಗುವ ನಷ್ಟವೂ ಉಂಟು. ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಕೊಹೆನ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬಾಯರ್ ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ವಿಧಾನವನ್ನು 1973ರ ನವೆಂಬರಿನಲ್ಲಿ ಪ್ರಕಟಿಸಿದರು. ಅಮೆರಿಕದ ಕಾನೂನು ಒಂದು ವರ್ಷದ ಕಾಲಾವಕಾಶ ಕೊಡುತ್ತಿದ್ದುದರಿಂದ 1974ರ ನವೆಂಬರಿನಲ್ಲಿ, ಗಡುವು ಮುಗಿಯುವ ಮುನ್ನ, ಅಲ್ಲಿ ಪೇಟೆಂಟ್ ಅರ್ಜಿ ಹಾಕಲಾಯಿತು. ಆದರೆ ಮೊದಲೇ ಪ್ರಕಟವಾಗಿದ್ದರಿಂದ ಬೇರೆ ದೇಶಗಳಲ್ಲಿ ಹಕ್ಕು ತಪ್ಪಿಹೋಯಿತು. ಅಮೆರಿಕದ ಪೇಟೆಂಟೊಂದೇ ಮುಂದೆ 25 ಕೋಟಿ ಡಾಲರ್‌ಗೂ ಹೆಚ್ಚು ತಂದಿತೆಂದರೆ ತಪ್ಪಿದ್ದರ ಬೆಲೆಯನ್ನು ಊಹಿಸಬಹುದು. ಕೆಲವು ವಾರ ತಡೆದು, ಮೊದಲು ಅರ್ಜಿ ಹಾಕಿ ಆಮೇಲೆ ಪ್ರಕಟಿಸುವ ಶಿಸ್ತು ಎಷ್ಟೋ ಆವಿಷ್ಕಾರಗಳಿಗೆ ಬೇಹುಗಾರಿಕೆ ತಡೆಯುವ ಪಡೆಗಿಂತ ದೊಡ್ಡ ರಕ್ಷೆ.

ಯಾವ ಬಾಗಿಲಿಗೆ ಯಾವ ಬೀಗ?

ಈ ಎಲ್ಲ ಅನುಭವಗಳಿಂದ ಹಲವು ವಿಶ್ವವಿದ್ಯಾಲಯಗಳು ಈಗ ಒಂದು ಪದ್ಧತಿಯನ್ನು ರೂಢಿಸಿಕೊಂಡಿವೆ. ಮೊದಲನೆಯದು, ಪ್ರತಿ ಯೋಜನೆಯ ಆರಂಭದಲ್ಲೇ ಇದು ತೆರೆದ ಹೊಲವೋ ಬೇಲಿಯೊಳಗಿನ ಪಾತಿಯೋ ಎಂದು ಬರವಣಿಗೆಯಲ್ಲಿ ತೀರ್ಮಾನಿಸುವುದು. ರಫ್ತು ಕಾನೂನು ಬಲ್ಲ ಅಧಿಕಾರಿಯೊಬ್ಬರನ್ನು ಇದಕ್ಕೆಂದೇ ನೇಮಿಸುವುದು ರೂಢಿಗೆ ಬಂದಿದೆ. ಎರಡನೆಯದು, ಪ್ರಾಧ್ಯಾಪಕರು ಹೊರದೇಶದ ಹಣ, ಹುದ್ದೆ, ಒಪ್ಪಂದಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂಬ ನಿಯಮ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಕೋರಿಕೆಯ ಮೇಲೆ ಜೇಸನ್ ಎಂಬ ತಜ್ಞರ ಗುಂಪು 2019ರಲ್ಲಿ ನೀಡಿದ ವರದಿಯೂ ಇದನ್ನೇ ಒತ್ತಿಹೇಳಿತು. ಇಂಥ ಸಂಗತಿಯನ್ನು ಮರೆಮಾಚುವುದನ್ನು ಸಂಶೋಧನೆಯ ಪ್ರಾಮಾಣಿಕತೆಗೆ ಬಂದ ಕುಂದೆಂದೇ ಪರಿಗಣಿಸಬೇಕು, 1985ರ ಮುಕ್ತತೆಯ ತತ್ವವನ್ನು ಕೈಬಿಡಬಾರದು ಎಂದು ಅದು ಸಲಹೆ ಮಾಡಿತು. ಮೂರನೆಯದು ಮನೆವಾರ್ತೆಯ ಎಚ್ಚರ: ಪರದೇಶಕ್ಕೆ ಹೋಗುವಾಗ ಖಾಲಿ ಲ್ಯಾಪ್‌ಟಾಪ್ ಒಯ್ಯುವುದು, ಪಾಸ್‌ವರ್ಡ್ ಜೊತೆಗೆ ಎರಡನೆಯ ಗುರುತು ಕೇಳುವುದು, ಮಾದರಿಗಳಿಗೂ ದಾಖಲೆ ಪುಸ್ತಕಗಳಿಗೂ ಲೆಕ್ಕ ಇಡುವುದು.

ಇವುಗಳಲ್ಲಿ ಯಾವುದೂ ಸಂಶೋಧಕನ ಹೆಸರು, ಊರು, ಮುಖಚಹರೆಗಳನ್ನು ಕೇಳುವುದಿಲ್ಲ. ರಾತ್, ಲೀಬರ್, ಹಾಲ್ ಅಮೆರಿಕದವರೇ. ಇವು ಅವರನ್ನೂ ತಡೆಯಬಲ್ಲವು. ಚಿಯನ್, ಹು, ಶಿ ಅವರಂಥವರನ್ನು ನೋಯಿಸುವ ಅಗತ್ಯ ಇವಕ್ಕಿಲ್ಲ.

ಕನ್ನಡ ನಾಡಿನ ಮನೆಗಳಿಗೂ ಇದು ದೂರದ ಮಾತಲ್ಲ. 2023-24ನೇ ಸಾಲಿನಲ್ಲಿ ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ 3.31 ಲಕ್ಷ ಭಾರತೀಯ ವಿದ್ಯಾರ್ಥಿಗಳಿದ್ದರು, ಚೀನಾದವರಿಗಿಂತಲೂ ಹೆಚ್ಚು. ಅಲ್ಲಿ ಎಂಜಿನಿಯರಿಂಗ್ ಹಾಗೂ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರನಾಡಿನವರು. ಅನುಮಾನದ ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ ಎಂಬುದರ ಮೇಲೆ ಅವರ ನಾಳೆಗಳು ನಿಂತಿವೆ. ನಮ್ಮ ಪ್ರಯೋಗಾಲಯಗಳಿಗೂ ಹೊರಗಿನವರು ಬರುತ್ತಾರೆ, ನಮ್ಮಲ್ಲೂ ಕಾಯಬೇಕಾದ ಪಾತಿಗಳಿವೆ. ಆಗ ನಾವು ಕೇಳಬೇಕಾದ ಪ್ರಶ್ನೆ ಒಳಗೆ ಬಂದವರು ಎಲ್ಲಿ ಹುಟ್ಟಿದರು ಎಂಬುದಲ್ಲ. ಹೊರಗೆ ಹೋಗುವುದೇನು, ಅದಕ್ಕೆ ಒಪ್ಪಿಗೆ ಇದೆಯೇ ಎಂಬುದು.